ಕಾಗದದ ಆಂಟಿ

ಆಗಸ್ಟ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರಗಳು. ನಾನು ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ, ಕ್ಷೇಮವಿಲ್ಲ ಎಂದು ಬರೆದರೆ ಊಟ ಬಿಟ್ಟು ಕೂರುತ್ತೀಯ. ಆದ್ದರಿಂದ ಮಾತ್ರೆ ತಪ್ಪಿಸದೆ ನುಂಗುತ್ತಿದ್ದೇನೆ, ದಿನಾ ಕೆಲಸಕ್ಕೆ ಹೋಗುತ್ತಿದ್ದೇನೆ ಎಂದಷ್ಟು ತಿಳಿಸಿ ಮುಂದಕ್ಕೆ ಹೋಗುತ್ತೇನೆ.

ಒಂಬತ್ತು ತಿಂಗಳಿಂದ ನಿನಗೆ ಒಂದು ಸಾಲೂ ಬರೆದಿಲ್ಲ. ನಿನ್ನ ಮೂರು ಕಾಗದ ಬಂದಿದ್ದವು. ಮೂರನ್ನೂ ಒಡೆಯದೆ ಪೆಟ್ಟಿಗೆಯ ತಳದಲ್ಲಿ, ಚಳಿಗಾಲದ ಬಟ್ಟೆಗಳ ಕೆಳಗೆ ತುರುಕಿಟ್ಟಿದ್ದೆ. ನಿನ್ನೆ ಸಂಜೆ ತೆಗೆದು ಓದಿದೆ. ಭಾವನ ಮಂಡಿನೋವು ಮೊದಲನೇ ಕಾಗದದಲ್ಲಿ ಶುರುವಾಗಿ, ಎರಡನೆಯದರಲ್ಲಿ ಜೋರಾಗಿ, ಮೂರನೆಯದರಲ್ಲಿ ವಾಸಿಯಾಗಿತ್ತು. ಒಂದೇ ಸಲ ಓದಿದ್ದರಿಂದ ನನ್ನ ಲೆಕ್ಕದಲ್ಲಿ ಅವರು ನರಳಿದ್ದು ಹತ್ತೇ ನಿಮಿಷ. ಇದನ್ನು ಅವರಿಗೆ ಹೇಳಬೇಡ, ಮುನಿಸಿಕೊಂಡಾರು.

ಯಾಕೆ ಬರೆಯಲಿಲ್ಲ ಎಂದು ನಿನಗೆ ಗೊತ್ತು. ಅವತ್ತು ಕೋರ್ಟಿನಲ್ಲಿ ನ್ಯಾಯಾಧೀಶರು ನಿನ್ನನ್ನು ಕರೆದಾಗ ನಾನು ನಿರಾಳವಾಗಿ ಉಸಿರುಬಿಟ್ಟಿದ್ದೆ. ನನ್ನ ಕಡೆಯವರು ಅಂತ ಆ ಕಟ್ಟಡದಲ್ಲಿ ಇದ್ದವಳು ನೀನೊಬ್ಬಳೇ. ನೀನು ಕನ್ನಡಕ ತೆಗೆದೆ, ಒರೆಸಿದೆ, ಮತ್ತೆ ಹಾಕಿಕೊಂಡೆ. ಆಮೇಲೆ, "ಸದ್ಯಕ್ಕೆ ಮಕ್ಕಳನ್ನ ಅವಳೊಬ್ಬಳ ಹತ್ರ ಬಿಡಬೇಡಿ" ಅಂದೆ. ನನ್ನ ಕಿವಿಗೆ "ಸದ್ಯಕ್ಕೆ" ಎಂಬುದು ಬೀಳಲೇ ಇಲ್ಲ. ಹೊರಗೆ ಬಂದಾಗ ನೀನು ನನ್ನ ಕೈ ಹಿಡಿಯಲು ಬಂದೆ, ನಾನು ಕೈ ಕೊಡವಿಕೊಂಡು ಮೆಟ್ಟಿಲು ಇಳಿದುಬಿಟ್ಟೆ. ಮಕ್ಕಳ ಅಪ್ಪ ನನ್ನ ಮೇಲೆ ಹೇಳಿದ ಯಾವ ಮಾತೂ ನನಗೆ ಅಷ್ಟು ನಾಟಿರಲಿಲ್ಲ.

ಇವತ್ತು ಏಕಾಏಕಿ ಬರೆಯಲು ಕೂತಿರುವುದಕ್ಕೆ ಕಾರಣವಿದೆ. ಅದನ್ನು ಮೊದಲಿನಿಂದ ಹೇಳುತ್ತೇನೆ, ಸಾವಧಾನದಿಂದ ಓದು.

ನನಗೆ ಈಗ ಕನ್ನಡಕ ತಯಾರಿಸುವ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸ. ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜಿ, ಕೂರಿಸಿ, ಸಾಸಿವೆ ಗಾತ್ರದ ತಿರುಪು ಬಿಗಿಯುವುದು. ತಿರುಪು ಒಂದು ಸಲ ನೆಲಕ್ಕೆ ಬಿತ್ತೆಂದರೆ ಮುಗಿಯಿತು, ನಾಲ್ಕು ಜನ ಮಂಡಿಯೂರಿ ಹುಡುಕಬೇಕು. ಯಜಮಾನರು ಒಳ್ಳೆಯವರು. ನಾನು ಯಾವ ಆಸ್ಪತ್ರೆಯಲ್ಲಿ ಹನ್ನೊಂದು ವಾರ ಇದ್ದೆ ಎಂಬುದು ಅವರಿಗೆ ಗೊತ್ತು, ಕೆದಕುವುದಿಲ್ಲ. ಇರುವ ಕೋಣೆ ಟೈರು ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ. ಬೆಳಗಾದರೆ ಗಾಳಿ ತುಂಬುವ ಯಂತ್ರದ ಸದ್ದು. ಆ ಸದ್ದು ಶುರುವಾದರೆ ಏಳಬೇಕು ಅಂತ ಅಭ್ಯಾಸ ಮಾಡಿಕೊಂಡಿದ್ದೇನೆ. ಎದ್ದು ಏನು ಮಾಡಬೇಕು ಎಂದು ಹೊಳೆಯದ ದಿನವೂ ಏಳುತ್ತೇನೆ.

ಕೋರ್ಟಿನವರು ಎರಡು ವಾರಕ್ಕೊಮ್ಮೆ, ಶನಿವಾರ ಹನ್ನೊಂದರಿಂದ ಹನ್ನೆರಡರವರೆಗೆ ಮಕ್ಕಳನ್ನು ನೋಡಬಹುದು ಎಂದರಲ್ಲ, ಅದಕ್ಕೆಂದೇ ಸರ್ಕಾರಿ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಒಂದು ಕೋಣೆ ಇದೆ. ಗೋಡೆಗೆ ಹಳದಿ ಬಣ್ಣ, ಎದೆಯೆತ್ತರದವರೆಗೆ ಮಾತ್ರ. ಅದರ ಮೇಲೆ ಬರೀ ಸುಣ್ಣ. ಒಂದು ತಗ್ಗಿನ ಮೇಜು, ಮಕ್ಕಳ ಅಳತೆಯ ನಾಲ್ಕು ಕುರ್ಚಿ. ಅದರಲ್ಲಿ ಕೂತರೆ ನನ್ನ ಮೊಣಕಾಲು ಗದ್ದಕ್ಕೆ ಬರುತ್ತದೆ. ಮೂಲೆಯ ಬುಟ್ಟಿಯಲ್ಲಿ ಆಟಿಕೆಗಳಿವೆ, ಚಕ್ರವಿದ್ದ ಒಂದೂ ಕಾರಿಲ್ಲ. ಬಾಗಿಲ ಪಕ್ಕದ ಮೇಜಿನಲ್ಲಿ ಮೇಲ್ವಿಚಾರಣೆಯ ಅಧಿಕಾರಿ, ನಮ್ಮ ವಯಸ್ಸಿನ ಹೆಂಗಸು, ಉದ್ದನೆಯ ರಿಜಿಸ್ಟರಿನಲ್ಲಿ ನಾನು ಏನಂದೆ, ಮಕ್ಕಳು ಏನಂದರು ಎಲ್ಲವನ್ನೂ ಬರೆಯುತ್ತಾಳೆ. ನಮ್ಮ ಚಿಕ್ಕವನು ಅವಳಿಗೆ ರಿಜಿಸ್ಟರ್ ಮೇಡಂ ಎಂದು ಹೆಸರಿಟ್ಟ. ಅವಳು ಅದನ್ನೂ ಬರೆದುಕೊಂಡಳು.

ಚಿಕ್ಕವನನ್ನು ಎಲ್ಲರೂ ಬಟಾಣಿ ಎನ್ನುವುದು ಇನ್ನೂ ಬಿಟ್ಟಿಲ್ಲ. ಈಗ ಮೂರು ತುಂಬಿದೆ. ದೊಡ್ಡವಳಿಗೆ ಎಂಟೂವರೆ. ಅತ್ತೆ ಇಬ್ಬರನ್ನೂ ಕರೆತಂದು, ಒಳಗೆ ಬಿಟ್ಟು, ಹೊರಗಿನ ಬೆಂಚಿನಲ್ಲಿ ಕಾಯುತ್ತಾರೆ. ನನಗೆ ಮುಖ ಕೊಟ್ಟು ಮಾತಾಡುವುದಿಲ್ಲ; ಆದರೆ ಬಟಾಣಿಗೆ ಕೆಮ್ಮಿದ್ದರೆ ಗಾಳಿಗೆ ಹೇಳಿದ ಹಾಗೆ, "ಅವನಿಗೆ ಕೆಮ್ಮು" ಅಂತ ಹೇಳಿಹೋಗುತ್ತಾರೆ.

ಮೊದಲ ಎರಡು ಶನಿವಾರ ಹೇಗಿದ್ದವು ಎಂದು ಬರೆಯಲಾರೆ. ಬಟಾಣಿ ಒಂದು ಗಂಟೆ ಪೂರ್ತಿ ದೊಡ್ಡವಳ ಅಂಗಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವಳ ಬೆನ್ನ ಹಿಂದೆ ನಿಂತಿದ್ದ. ದೊಡ್ಡವಳು ನಾನು ಕೇಳಿದ್ದಕ್ಕೆಲ್ಲ ಪರೀಕ್ಷೆಯಲ್ಲಿ ಉತ್ತರ ಹೇಳಿದ ಹಾಗೆ ಹೇಳಿದಳು. ಶಾಲೆ ಚೆನ್ನಾಗಿದೆ. ಹಲ್ಲು ಎರಡು ಬಿದ್ದಿದೆ. ಲೆಕ್ಕ ಇಷ್ಟ ಇಲ್ಲ. ಆಮೇಲೆ ಗೋಡೆಯ ಗಡಿಯಾರ ನೋಡಿದಳು. ಅವಳಿಗೆ ಗಡಿಯಾರ ನೋಡಲು ಬರುತ್ತದೆ ಎಂಬುದು ನನಗೆ ಗೊತ್ತಾದದ್ದೇ ಆಗ.

ಮೂರನೇ ಸಲ ಅವಳ ಚೀಲದಲ್ಲಿ ಜಿರಾಫೆಯ ಪುಸ್ತಕವಿತ್ತು. ಅವಳಿಗೆ ಮೂರು ತುಂಬಿದಾಗ ನೀನೇ ಕೊಡಿಸಿದ್ದೆಯಲ್ಲ, ನೆಗಡಿ ಹಿಡಿದ ಜಿರಾಫೆಯ ಚಿತ್ರಪುಸ್ತಕ. ಮೂಗಿನಲ್ಲಿ ಹುಟ್ಟಿದ ನೆಗಡಿ ಆ ಉದ್ದ ಕತ್ತು ಇಳಿದು ಎದೆಗೆ ಬರಲು ಒಂದು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಕಪ್ಪೆ, ಮೀನು, ಹಕ್ಕಿ ಎಲ್ಲ ಒಂದೊಂದು ಮದ್ದು ಹೊತ್ತು ಬರುತ್ತವೆ. ಕೊನೆಯ ಪುಟದಲ್ಲಿ ಅದು ಒಂದು ಸೀನು ಸೀನಿ ಎಲ್ಲರನ್ನೂ ಆಕಾಶಕ್ಕೆ ಹಾರಿಸುತ್ತದೆ. ಅವಳು ಚಿಕ್ಕವಳಿದ್ದಾಗ ಆ ಪುಟ ಬರುವ ಮೊದಲೇ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಪುಸ್ತಕವನ್ನು ಅವಳೇ ತಂದಳೋ, ಅತ್ತೆ ಹಾಕಿಕೊಟ್ಟರೋ ಗೊತ್ತಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ನಾನು ಓದಿದೆ. ಕಪ್ಪೆಯ ಪುಟ ಬಂದಾಗ ಬಟಾಣಿ ದೊಡ್ಡವಳ ಬೆನ್ನಿನಿಂದ ಅರ್ಧ ಮುಖ ಹೊರಗೆ ಹಾಕಿದ. ನನಗೆ ಏನು ತೋಚಿತೋ, ಕೈಚೀಲದಲ್ಲಿದ್ದ ಬಸ್ಸಿನ ವೇಳಾಪಟ್ಟಿಯ ಹಾಳೆ ತೆಗೆದು ಕಪ್ಪೆ ಮಡಿಸಿದೆ. ನಾವು ಚಿಕ್ಕವರಿದ್ದಾಗ ಮಾಡುತ್ತಿದ್ದೆವಲ್ಲ, ಬೆನ್ನಿನ ತುದಿ ಒತ್ತಿ ಬಿಟ್ಟರೆ ನೆಗೆಯುವ ಕಪ್ಪೆ. ಕೈಗೆ ಇನ್ನೂ ನೆನಪಿತ್ತು. ಅದು ನೆಗೆದು ರಿಜಿಸ್ಟರ್ ಮೇಡಂನ ಮೇಜಿನ ಕಾಲಿಗೆ ಬಡಿಯಿತು. ಬಟಾಣಿ ನಕ್ಕ. ಅಕ್ಕಾ, ಅವನ ನಗು ಹೇಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವನು ಹುಟ್ಟಿದಾಗಿನಿಂದ ನಾನು ಇದ್ದ ಸ್ಥಿತಿಯಲ್ಲಿ ಅವನ ಅಳು ಒಂದೇ ನನ್ನ ಕಿವಿಗೆ ಬೀಳುತ್ತಿದ್ದದ್ದು. ಬಿಕ್ಕಳಿಕೆ ಬಂದ ಹಾಗೆ ನಗುತ್ತಾನೆ, ಮಧ್ಯೆ ನಿಂತು ಉಸಿರು ತೆಗೆದುಕೊಳ್ಳುತ್ತಾನೆ.

ಅಲ್ಲಿಂದ ಪ್ರತಿ ಶನಿವಾರ ಪುಸ್ತಕದ ಒಂದು ಪುಟ, ಅದರ ಒಂದು ಪ್ರಾಣಿ ಅಂತ ಆಯಿತು. ಆ ಕೋಣೆಗೆ ಕತ್ತರಿ ತರುವ ಹಾಗಿಲ್ಲ. ಅಂಟು, ಪಿನ್ನು ಏನೂ ಇಲ್ಲ. ಬರೀ ಮಡಿಸುವುದು, ಹರಿಯುವುದು. ಗೆರೆ ಬೇಕಾದ ಕಡೆ ಎರಡು ಸಲ ಮಡಿಸಿ, ನಾಲಿಗೆಯಿಂದ ಒದ್ದೆ ಮಾಡಿ ಎಳೆದರೆ ಕಾಗದ ಕತ್ತರಿಸಿದಷ್ಟೇ ನೇರವಾಗಿ ಬರುತ್ತದೆ. ಬಟಾಣಿಗೆ ಈ ನೆಕ್ಕುವ ಕೆಲಸ ಪರಮಪ್ರೀತಿ. ಬೇಕಾದದ್ದು ಬೇಡವಾದದ್ದು ಎಲ್ಲ ನೆಕ್ಕಿ, ನೀಲಿ ಹಾಳೆಯ ಮೀನು ಮಾಡುವ ದಿನ ಅವನ ನಾಲಿಗೆಯೆಲ್ಲ ನೀಲಿಯಾಗಿತ್ತು. ಅತ್ತೆ ನೋಡಿ ಗಾಬರಿಯಾದರು. ದೊಡ್ಡವಳು, "ಬಣ್ಣ ಅಜ್ಜಿ, ಸಾಯಲ್ಲ" ಎಂದಳು.

ನಾನು ಅಂಗಡಿಯಲ್ಲಿ ಊಟದ ಬಿಡುವಿನಲ್ಲಿ ಮುಂದಿನ ಪ್ರಾಣಿಯನ್ನು ಕಲಿಯುತ್ತಿದ್ದೆ. ಕನ್ನಡಕದ ಗಾಜು ಬರುವ ಬಿಳಿ ಲಕೋಟೆಗಳು ಬೇಕಾದಷ್ಟು ಸಿಗುತ್ತವೆ, ಕಾಗದ ಗಟ್ಟಿ. ಬಾಲ ಎಳೆದರೆ ರೆಕ್ಕೆ ಬಡಿಯುವ ಹಕ್ಕಿ ಹನ್ನೆರಡನೇ ಸಲಕ್ಕೆ ಬಂತು. ಯಜಮಾನರು ಬಂದು ನೋಡಿ, ಇದರ ದೃಷ್ಟಿ ಎಷ್ಟಿದೆ ಎಂದು ಲಕೋಟೆಯ ಮೇಲಿದ್ದ ಗಾಜಿನ ಪವರಿನ ಸಂಖ್ಯೆಯನ್ನು ರೆಕ್ಕೆಯಲ್ಲಿ ಓದಿ, ಪಾಪ ಹಕ್ಕಿಗೆ ದೂರದ್ದು ಕಾಣಿಸುವುದಿಲ್ಲ ಅಂದರು. ಎರಡು ವರ್ಷದ ಮೇಲೆ ಅವತ್ತು ನಾನು ಗಟ್ಟಿಯಾಗಿ ನಕ್ಕೆ. ನಕ್ಕ ಮೇಲೆ ಹೆದರಿಕೆಯಾಯಿತು.

ದೊಡ್ಡವಳ ಎಡಗೈ ನೋಡಿದ್ದೀಯಲ್ಲ. ಕಿರುಬೆರಳು, ಅದರ ಪಕ್ಕದ್ದು, ಎರಡೂ ಪೂರ್ತಿ ಬಗ್ಗುವುದಿಲ್ಲ. ಸುಟ್ಟ ಚರ್ಮ ಹೊಳೆಯುತ್ತದೆ. ಅವಳು ಕಾಗದವನ್ನು ಮೊಣಕೈಯಲ್ಲಿ ಅದುಮಿ ಹಿಡಿದು ಬಲಗೈಯಲ್ಲಿ ಮಡಿಸುತ್ತಾಳೆ. ನಾನು ಸಹಾಯಕ್ಕೆ ಕೈ ಚಾಚಿದಾಗೆಲ್ಲ, "ಬೇಡ, ಬರತ್ತೆ" ಎನ್ನುತ್ತಿದ್ದಳು. ನಿಜವಾಗಿಯೂ ಬರುತ್ತಿತ್ತು. ನನಗಿಂತ ಚೊಕ್ಕಟ.

(ಇಲ್ಲಿಗೆ ನಿಲ್ಲಿಸಿ ಹೊರಗೆ ಒಂದು ಸುತ್ತು ನಡೆದು ಬಂದೆ. ಈಗ ಮಧ್ಯಾಹ್ನ. ಎದುರು ಮನೆಯವರು ಬಟ್ಟೆ ಒಣಹಾಕುತ್ತಿದ್ದಾರೆ.)

ಐದನೇ ಶನಿವಾರವೋ ಆರನೆಯದೋ, ಬಟಾಣಿ ನನ್ನನ್ನು ಮೊದಲ ಸಲ ಕೂಗಿದ. "ಕಾಗದದ ಆಂಟೀ, ನೋಡಿ ಇಲ್ಲಿ." ಮೀನಿನ ಬಾಲ ಹರಿದಿತ್ತು. ನಾನು, ಬಾ ಸರಿಮಾಡೋಣ ಎಂದೆ. ದೊಡ್ಡವಳ ಕಡೆ ನೋಡಿದೆ, ತಿದ್ದುತ್ತಾಳೇನೋ ಅಂತ. ತಿದ್ದಲಿಲ್ಲ. ಅವನು ಮೀನು ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದ ಮೇಲೆ ತಗ್ಗಿದ ದನಿಯಲ್ಲಿ ಅಂದಳು:

"ಅವನಿಗೆ ಹೇಳಬೇಡ. ಅವನು ಅಜ್ಜಿಗೇ ಅಮ್ಮ ಅನ್ನೋದು. ಆಂಟಿ ಅಂದ್ರೆ ಅವನಿಗೆ ಇಷ್ಟ."

ಹೇಳಲಿಲ್ಲ. ಆ ಕೋಣೆಯಲ್ಲಿ ನಾನು ಯಾರಾಗಿ ಕೂತರೂ ಆದೀತು, ಕೂರಲು ಬಿಟ್ಟರೆ ಸಾಕು ಎನಿಸಿತು. ಮನೆಗೆ ಬಂದು ಮಾತ್ರ ಕನ್ನಡಿ ಮುಂದೆ ನಿಂತು "ಆಂಟಿ" ಎಂದು ನಾನೇ ಕರೆದು ನೋಡಿದೆ. ಹುಚ್ಚಿ ಅನ್ನಬೇಡ. ಹುಚ್ಚಿ ಎಂಬ ಆ ಮಾತು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ, ಎಲ್ಲರೂ ನನ್ನೆದುರು ಅಷ್ಟು ಎಚ್ಚರಿಕೆಯಿಂದ ಆಡದೆ ಬಿಟ್ಟಿದ್ದಾರೆ.

ಹೋದ ತಿಂಗಳು ಹನ್ನೊಂದನೇ ತಾರೀಕು ಜಿರಾಫೆ ಮಾಡಿದೆವು. ಎರಡು ಉದ್ದನೆಯ ಪಟ್ಟಿಗಳನ್ನು ಅಡ್ಡಡ್ಡ ಇಟ್ಟು ಒಂದರ ಮೇಲೊಂದು ಮಡಿಸುತ್ತ ಹೋದರೆ ಎಳೆದರೆ ಉದ್ದವಾಗುವ, ಬಿಟ್ಟರೆ ಕುಗ್ಗುವ ಕತ್ತು ಬರುತ್ತದೆ. ಬಟಾಣಿ ಅರ್ಧದಲ್ಲಿ ಮೂತ್ರಕ್ಕೆ ಅವಸರ ಮಾಡಿದ. ಅತ್ತೆ ಬಂದು ಕರೆದುಕೊಂಡು ಹೋದರು. ದೊಡ್ಡವಳು ತಲೆ ಎತ್ತದೆ ಪಟ್ಟಿ ಮಡಿಸುತ್ತಲೇ ಇದ್ದಳು.

"ಒಂದು ಕೇಳ್ಲಾ?"

"ಕೇಳು ಕಂದಾ."

"ಅವತ್ತು ನೀನು ಎಲ್ಲಿಗೆ ಹೋಗಿದ್ದೆ?"

ಅವತ್ತು ಎಂದರೆ ಯಾವತ್ತು ಎಂದು ನಾನು ಕೇಳಬೇಕಿರಲಿಲ್ಲ. ಬಟಾಣಿಗೆ ಹತ್ತು ತಿಂಗಳು, ಅವಳಿಗೆ ಆರು ವರ್ಷ. ಮಧ್ಯಾಹ್ನ ಎರಡು ಗಂಟೆಗೆ ನಾನು ಇಬ್ಬರನ್ನೂ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೊರಟುಹೋಗಿದ್ದೆ. ಅವನು ಹಸಿದು ಅತ್ತಿದ್ದಾನೆ. ಅವಳು ಸ್ಟೂಲು ಎಳೆದುಕೊಂಡು, ನಾನು ಮಾಡುವುದನ್ನು ನೋಡಿದ್ದಳಲ್ಲ, ಒಲೆ ಹಚ್ಚಿ ಹಾಲು ಇಟ್ಟಿದ್ದಾಳೆ. ಪಾತ್ರೆ ಇಳಿಸುವಾಗ ಕೈ ಮೇಲೆ ಚೆಲ್ಲಿಕೊಂಡಿದ್ದಾಳೆ. ಪಕ್ಕದ ಮನೆಯವರು ಬಾಗಿಲು ಒಡೆದಾಗ ಅವಳು ಸುಟ್ಟ ಕೈಯನ್ನು ಬಕೆಟ್ ನೀರಿನಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ತಮ್ಮನಿಗೆ ಬ್ರೆಡ್ಡಿನ ಚೂರು ತಿನ್ನಿಸುತ್ತಿದ್ದಳಂತೆ. ಇದೆಲ್ಲ ನಿನಗೆ ಗೊತ್ತಿರುವುದೇ. ಆಸ್ಪತ್ರೆಗೆ ಮೊದಲು ಓಡಿ ಬಂದವಳು ನೀನು.

"ನನಗೆ ಆಗ ಹುಷಾರಿರಲಿಲ್ಲ ಕಂದಾ," ಎಂದೆ. "ನನಗೆ ನೆನಪಿಲ್ಲ."

"ಒಂಚೂರೂ ನೆನಪಿಲ್ವಾ?"

"ಇಲ್ಲ."

ಅವಳು ಪಟ್ಟಿಯನ್ನು ಇನ್ನೊಂದು ಸಲ ಮಡಿಸಿ, ಉಗುರಿನಿಂದ ಗೆರೆ ತೀಡಿದಳು. "ನಂಗೆಲ್ಲಾ ನೆನಪಿದೆ," ಎಂದಳು. ಅಷ್ಟೇ. ಬಟಾಣಿ ಬಂದ. ಜಿರಾಫೆಗೆ ಕಣ್ಣು ಬರೆಯಬೇಕು ಎಂದು ಹಟ ಹಿಡಿದ. ರಿಜಿಸ್ಟರ್ ಮೇಡಂ ಮೊದಲ ಬಾರಿಗೆ ಬರೆಯುವುದನ್ನು ನಿಲ್ಲಿಸಿ, ತನ್ನ ಪೆನ್ನನ್ನೇ ಅವನಿಗೆ ಕೊಟ್ಟಳು.

ಅದಾದ ಒಂದು ವಾರಕ್ಕೆ ಆ ಮೇಡಂ ಅಂಗಡಿಗೆ ಫೋನು ಮಾಡಿ ನನ್ನೊಬ್ಬಳನ್ನೇ ಕಚೇರಿಗೆ ಬರಲು ಹೇಳಿದಳು. ಹೋದೆ. ಮಕ್ಕಳ ಜೊತೆ ಮಾತಾಡುವ ಸಲಹೆಗಾರರೊಬ್ಬರು ಇರುತ್ತಾರಂತೆ, ದೊಡ್ಡವಳು ತಾನಾಗಿಯೇ ಅವರ ಹತ್ತಿರ ಹೋಗಿ ಮಾತಾಡಬೇಕು ಎಂದಿದ್ದಾಳೆ. ಶನಿವಾರ ಹತ್ತಿರ ಬಂದರೆ ಅವಳಿಗೆ ಹೊಟ್ಟೆನೋವು. ಊಟ ಸೇರುವುದಿಲ್ಲ. ನನ್ನ ಮೇಲೆ ಸಿಟ್ಟಿಲ್ಲವಂತೆ. ಕಾಗದದ ಆಟ ಚೆನ್ನಾಗಿದೆಯಂತೆ. ಆದರೆ ನನ್ನ ಮುಖ ನೋಡಿದರೆ ಅವಳಿಗೆ ಹೊರಗಿನಿಂದ ಬೀಗ ಹಾಕಿದ ಸದ್ದು ಕೇಳಿಸುತ್ತದೆಯಂತೆ. ಇನ್ನು ಬರುವುದಿಲ್ಲ ಎಂದಿದ್ದಾಳೆ.

ನಾನು ಕೇಳಿದೆ, ಹಾಗಾದರೆ ಬಟಾಣಿ ಒಬ್ಬನೇ ಬರಬಹುದಲ್ಲ, ಅವನಿಗೆ ಇಷ್ಟವಿದೆಯಲ್ಲ.

ರಿಜಿಸ್ಟರ್ ಮೇಡಂ ಹಾಳೆ ತಿರುವಿ ಹಾಕಿದಳು. ಓದಬೇಕೋ ಬೇಡವೋ ಎಂದು ಅನುಮಾನಿಸುತ್ತಿದ್ದಳು. ಓದಿ ಎಂದೆ. ದೊಡ್ಡವಳ ಮಾತನ್ನು ಅವಳು ಹೇಳಿದ ಹಾಗೆಯೇ ಬರೆದುಕೊಂಡಿದ್ದರು: "ನಾನು ಬರದೇ ಇದ್ರೆ ಅವನನ್ನೂ ಕಳಿಸಬೇಡಿ. ಅವನನ್ನ ಅವಳೊಬ್ಬಳ ಹತ್ರ ಬಿಡಬೇಡಿ."

ಅಕ್ಕಾ, ಕೇಳಿಸಿತಾ? ಅಕ್ಷರ ಅಕ್ಷರ ನಿನ್ನ ಮಾತೇ. ನೀನು ಕೋರ್ಟಿನಲ್ಲಿ ಹೇಳಿದ್ದು ಅವಳಿಗೆ ಯಾರೂ ಹೇಳಿರಲಾರರು. ಅವಳಿಗೆ ಅದು ತಾನಾಗಿ ಬಂದಿದೆ. ನಾನು ಆ ಮಗುವಿನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಪ್ರಯತ್ನಪಟ್ಟೇ ನೋಡಿದೆ, ಆಗಲಿಲ್ಲ. ಅವಳು ತಮ್ಮನನ್ನು ಕಾಯುತ್ತಿದ್ದಾಳೆ. ಅವತ್ತು ನೀನು ಕಾಯುತ್ತಿದ್ದದ್ದೂ ಅದನ್ನೇ. ಅವಳ ಮೇಲೆ ಬಾರದ ಸಿಟ್ಟನ್ನು ನಿನ್ನ ಮೇಲೆ ಹೇಗೆ ಇಟ್ಟುಕೊಳ್ಳಲಿ? ನಿನ್ನ ಕಾಗದಗಳನ್ನು ನಿನ್ನೆ ತೆಗೆದದ್ದು ಅದಕ್ಕೇ. ಒಂಬತ್ತು ತಿಂಗಳು ನಿನ್ನನ್ನು ನೋಯಿಸಿದ್ದಕ್ಕೆ ಕ್ಷಮೆ ಕೇಳುವುದು ಹೇಗೆ ಎಂದು ನನಗೆ ಗೊತ್ತಿಲ್ಲ, ನೀನೇ ಕೊಟ್ಟುಬಿಡು.

ನನ್ನ ವಕೀಲರು ಕೋರ್ಟಿನ ಆಜ್ಞೆ ಇದೆ, ಹುಡುಗಿ ಬರಲೇಬೇಕು, ನೀವು ಒತ್ತಾಯ ಮಾಡಬಹುದು ಎಂದರು. ಎರಡು ದಿನ ಯೋಚಿಸಿದೆ. ಸುಳ್ಳೇಕೆ, ಮೊದಲನೇ ದಿನ ಒತ್ತಾಯ ಮಾಡಬೇಕು ಎಂದೇ ಇದ್ದೆ. ಹೊಟ್ಟೆನೋವು ತಾನೇ, ಹೋಗುತ್ತದೆ, ಮಕ್ಕಳು ಮರೆಯುತ್ತಾರೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಎರಡನೇ ದಿನ ಕೆಲಸದ ಮಧ್ಯೆ ಒಂದು ಮಗುವಿನ ಕನ್ನಡಕ ಬಂತು, ಅವಳ ವಯಸ್ಸಿನದೇ ಇರಬೇಕು, ಚೌಕಟ್ಟು ನನ್ನ ಮೂರು ಬೆರಳಗಲ. ಇಷ್ಟು ಚಿಕ್ಕ ಮುಖ ಸ್ಟೂಲು ಹತ್ತಿತ್ತಲ್ಲ ಎಂದುಕೊಂಡೆ. ತಿರುಪು ಹಾಕದೆ ಅದನ್ನು ಪಕ್ಕಕ್ಕಿಟ್ಟೆ. ಯಜಮಾನರಿಗೆ ಹೇಳಿ ಹೊರಟು, ನೇರ ಆ ಕಚೇರಿಗೆ ಹೋಗಿ, ನಾನು ಒತ್ತಾಯ ಮಾಡುವುದಿಲ್ಲ, ಇಬ್ಬರ ಭೇಟಿಯನ್ನೂ ನಿಲ್ಲಿಸಲು ಒಪ್ಪಿಗೆಯಿದೆ ಎಂದು ಬರೆದು ಸಹಿ ಹಾಕಿದೆ. ರಿಜಿಸ್ಟರ್ ಮೇಡಂ ಒಂದು ಲೋಟ ನೀರು ತಂದು ಮುಂದೆ ಇಟ್ಟಳು.

ಕೊನೆಯ ಒಂದು ಸಲ, ಅರ್ಧ ಗಂಟೆ, ಹೇಳಿ ಹೋಗುವುದಕ್ಕೆ ಅಂತ ಬಿಟ್ಟರು. ಅದು ನಿನ್ನೆ.

ಬಟಾಣಿಗೆ ಏನೂ ಗೊತ್ತಿಲ್ಲ. ಬಂದವನೇ ಹಕ್ಕಿ ಬೇಕು ಎಂದ. ಹಳೆಯದನ್ನು ಮಲಗುವಾಗ ಮೈಕೆಳಗೆ ಹಾಕಿಕೊಂಡು ಚಪ್ಪಟೆ ಮಾಡಿದ್ದನಂತೆ. ನಾನು ಮಡಿಸಲು ತೆಗೆದುಕೊಂಡೆ. ದೊಡ್ಡವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.

"ಬಾಲದ ಹತ್ರ ಹೇಗೆ ಒಳಗೆ ಹಾಕೋದು, ಇನ್ನೊಂದ್ಸಲ ತೋರಿಸು. ನಿಧಾನಕ್ಕೆ. ಮನೇಲಿ ಅವನು ಕೇಳ್ತಾನೆ."

ತೋರಿಸಿದೆ. ಅವಳು ಬಿಚ್ಚಿ ತಾನೇ ಮಾಡಿದಳು. ಎರಡು ಸಲ ತಪ್ಪಿತು, ಮೂರನೇ ಸಲ ಬಂತು. ನಾಲ್ಕನೇ ಸಲ ನನ್ನ ಕಡೆ ನೋಡದೆ ಮಾಡಿದಳು. ರೆಕ್ಕೆ ಬಡಿಯಿತು, ಬಟಾಣಿ ಚಪ್ಪಾಳೆ ತಟ್ಟಿದ. ನನ್ನ ಮಗಳು ನನ್ನಿಂದ ಒಂದು ವಿದ್ಯೆ ಕಲಿತಳು ಎಂದು ಸಂತೋಷಪಡಬೇಕು ಅಲ್ಲವಾ? ಅದು ಬಂದ ಮೇಲೆ ಇನ್ನು ಆ ಮನೆಗೆ ನನ್ನಿಂದ ಬೇಕಾದದ್ದು ಏನೂ ಉಳಿದಿಲ್ಲ ಎಂಬುದೊಂದೇ ನನಗೆ ಹೊಳೆದದ್ದು.

ಹೊರಡುವಾಗ ಬಟಾಣಿ, ಮುಂದಿನ ಸಲ ಆನೆ ಮಾಡೋಣ ಆಂಟಿ ಎಂದ. ಪುಸ್ತಕದಲ್ಲಿ ಆನೆಯೇ ಇಲ್ಲ. ಆಗಲಿ ಎಂದೆ. ದೊಡ್ಡವಳು ಅವನ ಬೂಟಿನ ದಾರ ಕಟ್ಟಿದಳು, ಚೀಲ ಹೆಗಲಿಗೆ ಹಾಕಿದಳು. ನಾನು ಅವಳ ತಲೆ ಮೇಲೆ ಕೈ ಇಡಲೇ ಎಂದು ಕೇಳಿದೆ. ಯೋಚನೆ ಮಾಡಿ, "ಹೂಂ" ಎಂದಳು. ಇಟ್ಟೆ. ಅವಳು ಅಷ್ಟು ಹೊತ್ತೂ ಉಸಿರು ಬಿಗಿಹಿಡಿದಿದ್ದಳು, ನನ್ನ ಕೈಗೆ ಗೊತ್ತಾಯಿತು. ಬೇಗ ತೆಗೆದುಬಿಟ್ಟೆ.

ಅತ್ತೆ ಮೆಟ್ಟಿಲ ತಿರುವಿನಲ್ಲಿ ನಿಂತು, ಈ ಸಲ ನನ್ನ ಮುಖ ನೋಡಿಯೇ, "ನೀನು ಊಟ ಸರಿಯಾಗಿ ಮಾಡು" ಎಂದರು.

ಈಗ ನಿನ್ನಲ್ಲಿ ಒಂದು ಬೇಡಿಕೆ. ನಿನಗೆ ಆ ಮನೆಯ ಬಾಗಿಲು ತೆರೆಯುತ್ತದೆ. ಮಕ್ಕಳು ನಿನ್ನನ್ನು ದೊಡ್ಡಮ್ಮ ಎಂದು ಕರೆಯುತ್ತಾರೆ, ಮಕ್ಕಳ ಅಪ್ಪನಿಗೂ ನಿನ್ನ ಮೇಲೆ ಗೌರವವಿದೆ. ತಿಂಗಳಿಗೊಮ್ಮೆಯಾದರೂ ಹೋಗಿ ಬಾ. ಜಿರಾಫೆ ಸೀನುವ ಕೊನೆಯ ಪುಟ ಮಾಡಲು ಆಗಲೇ ಇಲ್ಲ. ಬಟಾಣಿಯ ಆನೆಯೂ ಬಾಕಿ. ಎರಡನ್ನೂ ಹೇಗೆ ಮಡಿಸುವುದು ಎಂದು ಬೇರೆ ಹಾಳೆಯಲ್ಲಿ ಗೆರೆ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಕಾಗದ ಮಡಿಸುವುದರಲ್ಲಿ ನೀನು ಯಾವಾಗಲೂ ಅವಸರದವಳು, ದಯವಿಟ್ಟು ಮೂಲೆಗೆ ಮೂಲೆ ಕೂಡಿಸು. ನಾನು ಹೇಳಿಕೊಟ್ಟದ್ದು ಎನ್ನಬೇಡ. ಬಟಾಣಿ ಕಾಗದದ ಆಂಟಿ ಎಲ್ಲಿ ಎಂದು ಕೇಳಿದರೆ, ಅವಳಿಗೆ ಬೇರೆ ಊರಿಗೆ ವರ್ಗವಾಯಿತು ಎಂದು ಹೇಳು. ಒಂದೆರಡು ಸಲ ಕೇಳಿಯಾನು. ದೊಡ್ಡವಳು ಕೇಳುವುದಿಲ್ಲ. ಅವಳ ಹೊಟ್ಟೆನೋವು ನಿಂತಿತೇ ಎಂಬುದನ್ನು ಮಾತ್ರ ತಿಳಿದು ನನಗೆ ಬರೆ. ನಿಂತಿದ್ದರೆ ನಿಂತಿದೆ ಎಂದೇ ಬರೆ, ನನಗೆ ನೋವಾಗುತ್ತದೆ ಎಂದು ಮುಚ್ಚಿಡಬೇಡ.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ ಎಂದು ಬರೆಯಲು ಹೊರಟು ಪೆನ್ನು ನಿಂತಿತು. ನನ್ನ ಆಶೀರ್ವಾದದಲ್ಲಿ ಏನು ಸತ್ವವಿದೆಯೋ ಕಾಣೆ. ಆದರೂ ಅವರು ನೂರು ಕಾಲ ಸುಖವಾಗಿರಲಿ, ಅವರ ನಿದ್ದೆಗೆ ಯಾವ ಸದ್ದೂ ಅಡ್ಡ ಬಾರದಿರಲಿ. ನೀನು ದೊಡ್ಡವಳು, ದೂರದಿಂದಲೇ ಒಂದು ಸಲ ನನ್ನ ತಲೆ ನೇವರಿಸಿದ ಹಾಗೆ ನೆನೆಸಿಕೋ.

ಇಂತಿ ನಿನ್ನ,
ತಂಗಿ

ವಿ.ಸೂ: ಕಾಗದ ಮಡಿಸಿ ಲಕೋಟೆಗೆ ಹಾಕಿದವಳು ಮತ್ತೆ ತೆಗೆದೆ. ಇದನ್ನು ಓದಿ ಹರಿದುಹಾಕು.

ದೊಡ್ಡವಳಿಗೆ ನಾನು ಹೇಳಿದ್ದು ಸುಳ್ಳು. ವೈದ್ಯರಿಗೆ, ಕೋರ್ಟಿಗೆ, ನಿನಗೆ, ಎಲ್ಲರಿಗೂ ನೆನಪಿಲ್ಲ ಎಂದೆ. ನನಗೆ ಎಲ್ಲ ನೆನಪಿದೆ. ಬೀಗ ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿದೆ. ಬಸ್ ನಿಲ್ದಾಣಕ್ಕೆ ನಡೆದುಹೋಗಿ ಒಂದು ಬೆಂಚಿನಲ್ಲಿ ಕೂತೆ. ಸಾಯಬೇಕು ಎಂದು ಹೋದೆ ಅಂತ ನೀವೆಲ್ಲ ತಿಳಿದಿದ್ದೀರಿ, ಕಾಯಿಲೆ ಎಂದು ಮರುಗುತ್ತೀರಿ. ನನಗೆ ಸಾಯುವ ಯೋಚನೆಯೇ ಇರಲಿಲ್ಲ. ಬಸ್ಸುಗಳು ಬರುವುದು ಹೋಗುವುದು ನೋಡುತ್ತ ಕೂತೆ. ಒಂದು ಬನ್ನು ತಿಂದೆ. ಬಟಾಣಿ ಹುಟ್ಟಿದ ಮೇಲೆ ಮೊದಲ ಸಲ ನನ್ನ ಕಿವಿಯಲ್ಲಿ ಅಳು ಇರಲಿಲ್ಲ. ನಾಲ್ಕು ಗಂಟೆ ಹೊತ್ತು ಮಕ್ಕಳು ಒಂದು ಸಲವೂ ನೆನಪಿಗೆ ಬರಲಿಲ್ಲ. ನನಗೆ ಹಾಯಾಗಿತ್ತು ಅಕ್ಕಾ. ನನ್ನ ಜೀವನದಲ್ಲಿ ಅಷ್ಟು ಹಾಯಾಗಿ ನಾನು ಎಂದೂ ಕೂತಿಲ್ಲ.

ಮಕ್ಕಳು ನೆನಪಾಗಿ ಎದ್ದು ಬಂದೆನೆಂದೂ ತಿಳಿಯಬೇಡ. ನೆಲ ತೊಳೆಯುವವನು ಬಂದು, ಬೆಂಚಿನ ಕೆಳಗೆ ನೀರು ಹಾಕ್ಬೇಕು, ಸ್ವಲ್ಪ ಏಳಿ ಅಂದ. ಅದಕ್ಕೆ ಎದ್ದೆ.